ಯೂನಿವರ್ಸಲ್ ರಿಮೋಟ್‌ಗೆ ಎದುರಿಗಿರೋದು ಕಾಣಲ್ಲ, ತೊಂದ್ರೆ ಶುರುವಾಗೋದೇ ಅಲ್ಲಿಂದ

ಪ್ರೋಗ್ರಾಮ್ ಮಾಡಬಹುದಾದ ಯೂನಿವರ್ಸಲ್ ರಿಮೋಟ್, ಅಂದ್ರೆ ಮನೇಲಿರೋ ಟೀವಿ, ಪ್ಲೇಯರ್ ಎಲ್ಲವನ್ನೂ ಒಂದ್ರಿಂದಲೇ ನಡೆಸೋ ರಿಮೋಟ್ ಬಗ್ಗೆ ಮಾತು ಬಂದ್ರೆ ಎಲ್ರೂ ಮೊದ್ಲು ಕೇಳೋದು ಎಷ್ಟು ಡಿವೈಸ್ ಸಪೋರ್ಟ್ ಮಾಡತ್ತೆ ಅಂತ. ಡಬ್ಬದ ಮೇಲೂ ಅದನ್ನೇ ದಪ್ಪಕ್ಷರದಲ್ಲಿ ಹಾಕಿರ್ತಾರೆ, 4 ಡಿವೈಸ್, 8 ಡಿವೈಸ್, 15 ಡಿವೈಸ್, ಇಷ್ಟು ಸಾವಿರ ಬ್ರ್ಯಾಂಡ್ ಅಂತೆಲ್ಲ. ಆ ನಂಬರ್ ನೋಡಿ ತಗೊಂಡವ್ರಲ್ಲಿ ಎಷ್ಟೋ ಜನ ಸ್ವಲ್ಪ ದಿನ ಆದ್ಮೇಲೆ ಅದನ್ನ ಡ್ರಾಯರ್‌ಗೆ ಹಾಕಿ ಮತ್ತೆ ಹಳೇ ನಾಲ್ಕು ರಿಮೋಟ್‌ಗಳನ್ನೇ ಸಾಲಾಗಿ ಇಟ್ಕೊಂಡು ಕೂರ್ತಾರೆ, ಈ ಥರದ ವಸ್ತುನೇ ಸರಿ ಇಲ್ಲ ಅಂತ ತೀರ್ಮಾನ ಮಾಡ್ಬಿಡ್ತಾರೆ. ಇದು ನನಗೆ ನಿಜವಾಗ್ಲೂ ಬೇಜಾರಾಗೋ ವಿಷ್ಯ, ಯಾಕಂದ್ರೆ ಒಂದು ಒಳ್ಳೇ ರಿಮೋಟ್ ಸರಿಯಾಗಿ ಸೆಟ್ ಆದ್ರೆ ಮನೇಲಿ ಟೆಕ್ನಿಕಲ್ ಆಗಿ ಏನೂ ಗೊತ್ತಿಲ್ದೇ ಇರೋರೂ ಯಾರನ್ನೂ ಕರೀದೇ ಸಿನಿಮಾ ಹಾಕ್ಕೊಂಡು ನೋಡಬಹುದು. ಅದಕ್ಕೆ ಬೇಕಾಗಿರೋದು ಡಿವೈಸ್ ಸಂಖ್ಯೆ ಅಲ್ಲ, ಬೇರೆ ಕೆಲವು ಫೀಚರ್‌ಗಳು, ಅವುಗಳ ಬಗ್ಗೆ ಡಬ್ಬದ ಮೇಲೆ ಸಾಮಾನ್ಯವಾಗಿ ಏನೂ ಬರ್ದಿರಲ್ಲ.

ಒಂದು ಸರಳ ಸಂದರ್ಭ ತಗೊಳ್ಳಿ. "ಸಿನಿಮಾ ನೋಡು" ಅಂತ ಒಂದೇ ಬಟನ್ ಮಾಡಿದೀರಿ, ಅದನ್ನ ಒತ್ತಿದ್ರೆ ಟೀವಿ ಆನ್, ಆಂಪ್ಲಿಫೈಯರ್ ಆನ್, ಬ್ಲೂ-ರೇ ಪ್ಲೇಯರ್ ಆನ್, ಆಮೇಲೆ ಇನ್‌ಪುಟ್ ಬದಲಾವಣೆ, ಹೀಗೆ ಸಾಲಾಗಿ ಕಮ್ಯಾಂಡ್ ಹೋಗ್ಬೇಕು. ಆದ್ರೆ ಟೀವಿನ ಯಾರೋ ಆಗ್ಲೇ ಅದ್ರದ್ದೇ ರಿಮೋಟ್‌ನಿಂದ ಆನ್ ಮಾಡಿದ್ರು ಅಂದ್ಕೊಳಿ. ಈಗ ನೀವು ಆ ಒಂದು ಬಟನ್ ಒತ್ತಿದ್ರೆ ಆಂಪ್ಲಿಫೈಯರ್ ಆನ್ ಆಗತ್ತೆ, ಪ್ಲೇಯರ್ ಆನ್ ಆಗತ್ತೆ, ಟೀವಿ ಮಾತ್ರ ಆಫ್ ಆಗತ್ತೆ. ಮತ್ತೆ ಒತ್ತಿದ್ರೆ ಟೀವಿ ಆನ್, ಉಳಿದ ಎರಡೂ ಆಫ್. ಎಷ್ಟು ಸಲ ಒತ್ತಿದ್ರೂ ಮೂರೂ ಒಟ್ಟಿಗೆ ಒಂದೇ ಸ್ಥಿತಿಗೆ ಬರಲ್ಲ. ರಿಮೋಟ್ ಕೆಟ್ಟಿಲ್ಲ, ಬ್ಯಾಟರಿ ಸರಿ ಇದೆ, ಕೋಡ್‌ಗಳೂ ಸರಿ ಇವೆ. ಅದಕ್ಕೆ ಎದುರಿಗಿರೋ ಟೀವಿ ಆನ್ ಇದ್ಯೋ ಆಫ್ ಇದ್ಯೋ ಅನ್ನೋದೇ ಗೊತ್ತಿಲ್ಲ, ಗೊತ್ತಾಗೋಕೆ ದಾರೀನೂ ಇಲ್ಲ.

ಯಾಕೆ ದಾರಿ ಇಲ್ಲ ಅನ್ನೋದು ಅರ್ಥ ಆಗ್ಬೇಕಾದ್ರೆ ಇನ್‌ಫ್ರಾರೆಡ್ ಹೇಗೆ ಕೆಲ್ಸ ಮಾಡತ್ತೆ ಅಂತ ಸ್ವಲ್ಪ ನೋಡ್ಬೇಕು. ರಿಮೋಟ್ ತುದೀಲಿರೋ ಎಲ್‌ಇಡಿ ಸುಮಾರು 940 ನ್ಯಾನೋಮೀಟರ್ ತರಂಗಾಂತರದ ಬೆಳಕು ಬಿಡತ್ತೆ, ಅದು ಕಣ್ಣಿಗೆ ಕಾಣಲ್ಲ, ಆದ್ರೆ ಎಷ್ಟೋ ಫೋನ್‌ಗಳ ಮುಂದಿನ ಕ್ಯಾಮೆರಾದಲ್ಲಿ ನೇರಳೆ ಚುಕ್ಕಿ ಥರ ಕಾಣತ್ತೆ (ರಿಮೋಟ್ ಸತ್ತಿದ್ಯೋ ಇಲ್ವೋ ಅಂತ ಪರೀಕ್ಷೆ ಮಾಡೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ). ಬಿಸಿಲಲ್ಲೂ ಬಲ್ಬಲ್ಲೂ ಇನ್‌ಫ್ರಾರೆಡ್ ಇರತ್ತಲ್ಲ, ಅದ್ರಿಂದ ಬೇರೆ ಮಾಡೋಕೆ ಈ ಬೆಳಕನ್ನ ಸೆಕೆಂಡಿಗೆ ಸುಮಾರು 38,000 ಸಲ ಮಿನುಗಿಸ್ತಾರೆ, ಅದೇ 38 ಕಿಲೋಹರ್ಟ್ಜ್ ಕ್ಯಾರಿಯರ್, ಟೀವಿಯೊಳಗಿನ ರಿಸೀವರ್ ಆ ವೇಗದಲ್ಲಿ ಮಿನುಗೋದಕ್ಕೆ ಮಾತ್ರ ಗಮನ ಕೊಡತ್ತೆ. ತುಂಬಾ ಕಡೆ ಬಳಸೋ ಎನ್‌ಇಸಿ ಪ್ರೋಟೋಕಾಲ್‌ನಲ್ಲಿ (ಪ್ರೋಟೋಕಾಲ್ ಅಂದ್ರೆ ಕೋಡ್ ಹೇಗೆ ಕಳಿಸ್ಬೇಕು ಅನ್ನೋ ನಿಯಮ) ಮೊದ್ಲು 9 ಮಿಲಿಸೆಕೆಂಡ್ ಮಿನುಗು, ಆಮೇಲೆ 4.5 ಮಿಲಿಸೆಕೆಂಡ್ ಸುಮ್ನಿರೋದು, ಅದಾದ್ಮೇಲೆ 32 ಬಿಟ್, ಅಂದ್ರೆ 32 ಸೊನ್ನೆ-ಒಂದುಗಳು: ಯಾವ ಡಿವೈಸ್‌ಗೆ ಅನ್ನೋ ಅಡ್ರೆಸ್, ಏನು ಮಾಡ್ಬೇಕು ಅನ್ನೋ ಕಮ್ಯಾಂಡ್, ತಪ್ಪಾಗದೇ ಇರ್ಲಿ ಅಂತ ಎರಡ್ನೂ ಸೊನ್ನೆ ಇದ್ದಲ್ಲಿ ಒಂದು, ಒಂದು ಇದ್ದಲ್ಲಿ ಸೊನ್ನೆ ಮಾಡಿ ಇನ್ನೊಂದು ಸಲ. ಅಷ್ಟೇ, ಒಟ್ಟು ಸುಮಾರು 68 ಮಿಲಿಸೆಕೆಂಡಲ್ಲಿ ಮಾತು ಮುಗೀತು. ಟೀವಿ ಕಡೆಯಿಂದ "ಬಂತು" ಅನ್ನೋ ಉತ್ತರ ಇಲ್ಲ. ಮುಚ್ಚಿದ ಬಾಗಿಲ ಆಚೆ ಇರೋರಿಗೆ ಕೂಗಿ ಹೇಳಿ ಅವ್ರಿಗೆ ಕೇಳಿಸ್ತೋ ಇಲ್ವೋ ಗೊತ್ತಿಲ್ದೇ ಹೊರಟು ಹೋದ ಹಾಗೆ ಅದು.

ಹಿಂದಿಂದ್ಲೂ ಇದು ಹೀಗೇ. 1956ರಲ್ಲಿ ಝೆನಿತ್ ಕಂಪನಿಗೆ ರಾಬರ್ಟ್ ಆಡ್ಲರ್ ಮಾಡಿಕೊಟ್ಟ ಸ್ಪೇಸ್ ಕಮ್ಯಾಂಡ್ ರಿಮೋಟ್‌ನಲ್ಲಿ ಬ್ಯಾಟರೀನೇ ಇರ್ಲಿಲ್ಲ, ಬಟನ್ ಒತ್ತಿದ್ರೆ ಒಳಗೆ ಸಣ್ಣ ಸುತ್ತಿಗೆ ಅಲ್ಯೂಮಿನಿಯಂ ಸರಳಿಗೆ ಬಡಿದು ಕಿವಿಗೆ ಕೇಳದ ಶಬ್ದ ಬರ್ತಿತ್ತು, ಟೀವಿ ಅದನ್ನ ಕೇಳಿಸ್ಕೊಳ್ತಿತ್ತು. ಆಗ ಇದ್ದಿದ್ದು ಒಂದೇ ಟೀವಿ, ಮನುಷ್ಯ ಎದುರಿಗೇ ಕೂತಿರ್ತಿದ್ದ, ಆನ್ ಆಗ್ಲಿಲ್ಲ ಅಂದ್ರೆ ಇನ್ನೊಂದ್ಸಲ ಒತ್ತಿದ್ರಾಯ್ತು. ಒಬ್ಬ ಮನುಷ್ಯ ನೋಡ್ತಾ ನೋಡ್ತಾ ಒಂದೊಂದೇ ಬಟನ್ ಒತ್ತೋವರೆಗೂ ಏಕಮುಖ ಸಂವಹನದಿಂದ ಏನೂ ತೊಂದ್ರೆ ಇಲ್ಲ. ನಾವು ಹತ್ತು ಕಮ್ಯಾಂಡ್‌ಗಳನ್ನ ಒಂದು ಬಟನ್‌ಗೆ ತುಂಬಿಸಿ "ನೀನೇ ನೋಡ್ಕೋ" ಅಂತ ರಿಮೋಟ್‌ಗೆ ಬಿಟ್ಟಾಗ್ಲೇ ಕಷ್ಟ ಬರೋದು. ಪ್ರೋಗ್ರಾಮಬಲ್ ರಿಮೋಟ್‌ನಲ್ಲಿ ಇವತ್ತು ಇರೋ ಮುಖ್ಯ ಫೀಚರ್‌ಗಳಲ್ಲಿ ಹೆಚ್ಚಿನವು ಇದೊಂದೇ ಕೊರತೆಗೆ ಯಾರೋ ಯಾವಾಗ್ಲೋ ಕಂಡುಕೊಂಡ ಪರಿಹಾರಗಳು ಅಂತ ನನ್ನ ಅಭಿಪ್ರಾಯ, ಹಾಗೆ ನೋಡಿದ್ರೆ ಯಾವ ಫೀಚರ್ ಮುಖ್ಯ ಯಾವುದು ಬರೀ ಅಲಂಕಾರ ಅಂತ ಬೇಗ ಗೊತ್ತಾಗತ್ತೆ.

ಮೊದ್ಲು ಕೋಡ್ ರಿಮೋಟ್ ಒಳಗೆ ಬರೋದು ಹೇಗೆ ಅಂತ ನೋಡೋಣ. ಎರಡು ದಾರಿ ಇವೆ, ಒಂದು ಫ್ಯಾಕ್ಟರೀಲೇ ತುಂಬಿಸಿರೋ ಡೇಟಾಬೇಸ್, ಇನ್ನೊಂದು ಹಳೇ ರಿಮೋಟ್‌ನಿಂದ ಕಲಿಸೋದು. ಫಿಲಿಪ್ಸ್‌ನವ್ರು ಮ್ಯಾಗ್ನವಾಕ್ಸ್ ಹೆಸ್ರಲ್ಲಿ 1985ರಲ್ಲಿ ಯೂನಿವರ್ಸಲ್ ರಿಮೋಟ್ ತಂದ್ರು, 1987ರಲ್ಲಿ ಆ್ಯಪಲ್‌ನ ಸ್ಟೀವ್ ವೋಜ್ನಿಯಾಕ್ ತನ್ನದೇ ಹೊಸ ಕಂಪನಿ ಸಿಎಲ್ 9 ಮೂಲಕ ಕೋರ್ ಅನ್ನೋ ರಿಮೋಟ್ ತಂದ, ಅದು ಬೇರೆ ರಿಮೋಟ್‌ಗಳಿಂದ ಕಲೀತಿತ್ತು, ಒಂದು ಬಟನ್‌ಗೆ ಹಲವು ಕಮ್ಯಾಂಡ್ ಜೋಡಿಸೋಕಾಗ್ತಿತ್ತು, ಕಂಪ್ಯೂಟರ್‌ಗೂ ಹಾಕಬಹುದಿತ್ತು. ಅಷ್ಟು ಹಿಂದೇನೇ ಇದೆಲ್ಲ ಯೋಚನೆ ಮಾಡಿದ್ರು ಅನ್ನೋದು ನನಗೆ ಈಗ್ಲೂ ಆಶ್ಚರ್ಯ. ಸಾಮಾನ್ಯ ಜನಕ್ಕೆ ಅದು ತುಂಬಾ ಕಷ್ಟದ ರಿಮೋಟ್ ಆಗಿತ್ತು, ಅದು ಬೇರೆ ಮಾತು.

ಕಲಿಸೋದು ಅಂದ್ರೆ ಎರಡು ರಿಮೋಟ್‌ಗಳನ್ನ ಎದುರುಬದುರು ಇಟ್ಟು ಹಳೇದ್ರ ಬಟನ್ ಒತ್ತೋದು, ಹೊಸದು ಆ ಮಿನುಗುಗಳ ಉದ್ದ ಅಳೆದು ಬರ್ಕೊಳತ್ತೆ. ಕೇಳೋಕೆ ಸುಲಭ, ಆದ್ರೆ ಇಲ್ಲಿ ಕೆಲವು ತೊಡಕುಗಳಿವೆ. ಕ್ಯಾರಿಯರ್ ವೇಗ ಎಲ್ಲಾ ಕಂಪನಿಗೂ ಒಂದೇ ಅಲ್ಲ, ಸೋನಿಯದ್ದು 40 ಕಿಲೋಹರ್ಟ್ಜ್, ಫಿಲಿಪ್ಸ್‌ನ ಆರ್‌ಸಿ-5 ಪ್ರೋಟೋಕಾಲ್ 36, ಬ್ಯಾಂಗ್ ಆ್ಯಂಡ್ ಓಲುಫ್ಸೆನ್ ಅಂತೂ 455 ಕಿಲೋಹರ್ಟ್ಜ್‌ಗೆ ಹೋಗಿ ಕೂತಿದೆ, ಹಾಗಾಗಿ ಮಾಮೂಲಿ ಲರ್ನಿಂಗ್ ರಿಮೋಟ್‌ಗೆ ಅದು ಸಿಗೋದೇ ಇಲ್ಲ. ಆರ್‌ಸಿ-5ರಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಅದ್ರ 14 ಬಿಟ್‌ಗಳಲ್ಲಿ ಒಂದು ಟಾಗಲ್ ಬಿಟ್, ಪ್ರತಿ ಸಲ ಬಟನ್ ಹೊಸದಾಗಿ ಒತ್ತಿದಾಗ ಅದು ಬದಲಾಗತ್ತೆ, ಟೀವಿಗೆ ಇದು ಹೊಸ ಒತ್ತಾ ಅಥವಾ ಅದೇ ಬಟನ್ ಹಿಡ್ಕೊಂಡಿದಾರಾ ಅಂತ ಗೊತ್ತಾಗೋದೇ ಅದ್ರಿಂದ. ಬರೀ ನಕಲು ಮಾಡೋ ರಿಮೋಟ್ ಯಾವಾಗ್ಲೂ ಒಂದೇ ಟಾಗಲ್ ಬಿಟ್ ಕಳಿಸತ್ತೆ, ಹಾಗಾಗಿ ಚಾನೆಲ್ 11 ಹಾಕೋಕೆ ಒಂದನ್ನ ಎರಡು ಸಲ ಒತ್ತಿದ್ರೆ ಟೀವಿ ಅದನ್ನ ಒಂದೇ ಉದ್ದದ ಒತ್ತು ಅಂತ ತಿಳ್ಕೊಂಡು ಚಾನೆಲ್ 1ಕ್ಕೆ ಹೋಗತ್ತೆ. ಇಂಥದ್ದು ಆದಾಗ ಜನ ರಿಮೋಟ್ ಬಟನ್ ಹಾಳಾಗಿದೆ ಅಂದ್ಕೊಳ್ತಾರೆ, ನಿಜ ಏನಂದ್ರೆ ಆ ರಿಮೋಟ್‌ಗೆ ಪ್ರೋಟೋಕಾಲ್ ಅರ್ಥ ಆಗಿಲ್ಲ, ಬರೀ ಮಿನುಗು ಬಾಯಿಪಾಠ ಮಾಡಿದೆ. ಪ್ರೋಟೋಕಾಲ್ ಗುರುತು ಹಿಡಿದು ಅದ್ರ ಅಡ್ರೆಸ್ ಮತ್ತೆ ಕಮ್ಯಾಂಡ್ ಬೇರೆ ಮಾಡಿ ಇಟ್ಕೊಳೋ ರಿಮೋಟ್ ಇದ್ರೆ ಈ ತೊಂದ್ರೆ ಇರಲ್ಲ, ಲರ್ನಿಂಗ್ ಫೀಚರ್ ಇದೆ ಅಂದಾಗ ಕೇಳ್ಬೇಕಾದ ಪ್ರಶ್ನೆ ಇದು.

ಈಗ ಮೊದಲಿನ ಸಮಸ್ಯೆಗೆ ಬರೋಣ, ಆನ್-ಆಫ್. ಒರಿಜಿನಲ್ ರಿಮೋಟ್‌ನಲ್ಲಿ ಪವರ್ ಬಟನ್ ಒಂದೇ ಇರತ್ತೆ, ಅದು ಕಳಿಸೋದು ಟಾಗಲ್ ಕೋಡ್, ಅಂದ್ರೆ ಈಗಿರೋ ಸ್ಥಿತಿನ ಉಲ್ಟಾ ಮಾಡು ಅಂತ. ಆದ್ರೆ ಎನ್‌ಇಸಿ ಪ್ರೋಟೋಕಾಲ್‌ನಲ್ಲಿ ಕಮ್ಯಾಂಡ್‌ಗೆ 8 ಬಿಟ್ ಇದೆ, 256 ಬೇರೆ ಬೇರೆ ಕಮ್ಯಾಂಡ್ ಸಾಧ್ಯ, ರಿಮೋಟ್ ಮೇಲೆ ಬಟನ್ ಇರೋದು ನಲವತ್ತೋ ಐವತ್ತೋ. ಉಳಿದ ಜಾಗದಲ್ಲಿ ತುಂಬಾ ಕಂಪನಿಗಳು ಕೆಲವು ಗುಪ್ತ ಕಮ್ಯಾಂಡ್ ಇಟ್ಟಿರ್ತವೆ, ಆನ್ ಮಾತ್ರ, ಆಫ್ ಮಾತ್ರ, ನೇರವಾಗಿ ಎಚ್‌ಡಿಎಂಐ 1 ಇನ್‌ಪುಟ್, ನೇರವಾಗಿ ಎಚ್‌ಡಿಎಂಐ 2, ಹೀಗೆ. ಇವುಗಳನ್ನ ಡಿಸ್ಕ್ರೀಟ್ ಕೋಡ್ ಅಂತಾರೆ. ಒಂದು ಇಡೀ ಪ್ರೋಗ್ರಾಮಬಲ್ ರಿಮೋಟ್ ಚೆನ್ನಾಗಿ ಕೆಲ್ಸ ಮಾಡೋದು ಇವುಗಳ ಮೇಲೆ ನಿಂತಿದೆ. ಆನ್ ಇರೋ ಟೀವಿಗೆ ಡಿಸ್ಕ್ರೀಟ್ ಆನ್ ಕಳಿಸಿದ್ರೆ ಏನೂ ಆಗಲ್ಲ, ಆಫ್ ಇದ್ರೆ ಆನ್ ಆಗತ್ತೆ, ಅಂದ್ರೆ ರಿಮೋಟ್‌ಗೆ ಟೀವಿ ಸ್ಥಿತಿ ಗೊತ್ತಿರ್ಬೇಕಾದ ಅಗತ್ಯಾನೇ ಹೋಯ್ತು. ಇನ್‌ಪುಟ್‌ಗೂ ಅಷ್ಟೇ, ಮೆನು ತೆಗ್ದು ಮೂರು ಸಲ ಕೆಳಗೆ ಹೋಗಿ ಓಕೆ ಒತ್ತೋ ಮ್ಯಾಕ್ರೋ (ಒಂದು ಬಟನ್‌ಗೆ ಜೋಡಿಸಿದ ಕಮ್ಯಾಂಡ್‌ಗಳ ಸಾಲು) ಒಂದು ಹೊಸ ಡಿವೈಸ್ ಸಿಕ್ಕಿಸಿದ ದಿನ ಮುರಿದು ಬೀಳತ್ತೆ, ಡಿಸ್ಕ್ರೀಟ್ ಎಚ್‌ಡಿಎಂಐ 2 ಕೋಡ್ ಮುರಿಯಲ್ಲ.

ಆದ್ರೆ ಈ ಕೋಡ್‌ಗಳು ಒರಿಜಿನಲ್ ರಿಮೋಟ್‌ನಲ್ಲಿ ಇಲ್ದೇ ಇರೋದ್ರಿಂದ ಕಲಿಸೋಕೆ ಆಗಲ್ಲ. ಡೇಟಾಬೇಸ್‌ನಿಂದ ಬರ್ಬೇಕು, ಇಲ್ಲಾ ಕೈಯಾರೆ ಟೈಪ್ ಮಾಡ್ಬೇಕು. 1998ರಲ್ಲಿ ಬಂದ ಫಿಲಿಪ್ಸ್ ಪ್ರಾಂಟೊ ಅನ್ನೋ ರಿಮೋಟ್ ಇಲ್ಲೇ ದೊಡ್ಡ ಕೆಲ್ಸ ಮಾಡಿದ್ದು, ಅದ್ರ ಟಚ್‌ಸ್ಕ್ರೀನ್ ಎಲ್ರಿಗೂ ನೆನಪಿದೆ, ನನಗೆ ಅದಕ್ಕಿಂತ ಮುಖ್ಯ ಅನ್ಸೋದು ಅದು ಕೋಡ್‌ನ ಪಠ್ಯದ ರೂಪದಲ್ಲಿ ತೋರಿಸ್ತಿತ್ತು ಅನ್ನೋದು, ಹೆಕ್ಸ್ ಅಂಕಿಗಳ (0ಯಿಂದ 9, ಆಮೇಲೆ Aಯಿಂದ F) ಸಾಲು, ಅದನ್ನ ಕಾಪಿ ಮಾಡಬಹುದು, ಇನ್ನೊಬ್ಬರಿಗೆ ಕಳಿಸಬಹುದು, ಒಂದೊಂದೇ ಕಮ್ಯಾಂಡ್ ನಂಬರ್ ಬದಲಾಯಿಸಿ ಟೀವಿ ಹೇಗೆ ಪ್ರತಿಕ್ರಿಯೆ ಕೊಡತ್ತೆ ನೋಡಬಹುದು. ಹವ್ಯಾಸಿಗಳು ಕೂತು ಹೀಗೆ ಒಂದೊಂದೇ ಹುಡುಕಿ ಡಿಸ್ಕ್ರೀಟ್ ಕೋಡ್‌ಗಳ ಪಟ್ಟಿ ಮಾಡಿದ್ರು. ಇನ್ನೊಂದು ಕಡೆ ಯೂನಿವರ್ಸಲ್ ಎಲೆಕ್ಟ್ರಾನಿಕ್ಸ್ ಕಂಪನಿಯ ಒನ್ ಫಾರ್ ಆಲ್ ಥರದ ಅಗ್ಗದ ರಿಮೋಟ್‌ಗಳಲ್ಲಿ ಬ್ಯಾಟರಿ ಜಾಗದಲ್ಲಿ ಆರು ಪಿನ್‌ನ ಒಂದು ಕನೆಕ್ಟರ್ ಇರ್ತಿತ್ತು, ಜೆಪಿ1 ಅಂತ ಕರೀತಾರೆ, ಅದಕ್ಕೆ ಕೇಬಲ್ ಹಾಕಿ ಒಳಗಿನ ಮೆಮೊರಿನ ಕಂಪ್ಯೂಟರ್‌ನಿಂದ ತಿದ್ದೋಕೆ ಜನ ಸಾಫ್ಟ್‌ವೇರ್ ಬರೆದ್ರು. ಫಿಲಿಪ್ಸ್ 2010ರಲ್ಲಿ ಪ್ರಾಂಟೊ ನಿಲ್ಲಿಸ್ತು, ಆದ್ರೆ ಪ್ರಾಂಟೊ ಹೆಕ್ಸ್ ಅನ್ನೋ ಫಾರ್ಮ್ಯಾಟ್ ಇವತ್ತಿಗೂ ಚಾಲ್ತಿಯಲ್ಲಿದೆ, ಯಾಕಂದ್ರೆ ಅದು ಯಾರ ಸರ್ವರ್‌ನಲ್ಲೂ ಬೀಗ ಹಾಕ್ಕೊಂಡು ಕೂತಿರ್ಲಿಲ್ಲ.

ಡಿಸ್ಕ್ರೀಟ್ ಕೋಡ್ ಸಿಗ್ಲೇ ಇಲ್ಲ ಅಂದ್ರೆ ಏನ್ಮಾಡೋದು? ಒಂದು ಹಳೇ ಉಪಾಯ ಇದೆ. ಕೆಲವು ಟೀವಿಗಳು ಸ್ಟ್ಯಾಂಡ್‌ಬೈನಲ್ಲಿರೋವಾಗ ನಂಬರ್ ಬಟನ್ ಒತ್ತಿದ್ರೂ ಆನ್ ಆಗ್ತವೆ, ಆದ್ರೆ ಆನ್ ಇರೋವಾಗ ಆ ಬಟನ್‌ನಿಂದ ಆಫ್ ಆಗಲ್ಲ. ಹಾಗಾದ್ರೆ ಆ ನಂಬರ್ ಬಟನ್ನೇ ನಿಮ್ಮ ಡಿಸ್ಕ್ರೀಟ್ ಆನ್. ಆಫ್ ಬೇಕಾದ್ರೆ ಮೊದ್ಲು ನಂಬರ್ ಕಳಿಸಿ ಟೀವಿ ಖಂಡಿತ ಆನ್ ಆಗಿರೋ ಹಾಗೆ ಮಾಡಿ, ಸ್ವಲ್ಪ ಕಾದು, ಆಮೇಲೆ ಪವರ್ ಟಾಗಲ್ ಕಳಿಸೋದು, ಅದು ಖಂಡಿತ ಆಫ್ ಆಗತ್ತೆ. ಆಫ್ ಇರೋ ಟೀವಿ ಒಂದು ಕ್ಷಣ ಎದ್ದು ಮಲಗೋದು ನೋಡೋಕೆ ಚೆನ್ನಾಗಿರಲ್ಲ, ಆದ್ರೆ ಫಲಿತಾಂಶ ಪ್ರತಿ ಸಲ ಒಂದೇ ಬರತ್ತೆ, ಮ್ಯಾಕ್ರೋಗೆ ಬೇಕಾಗಿರೋದು ಅದೇ.

ಮ್ಯಾಕ್ರೋ ಅಂದ್ಮೇಲೆ ಡಿಲೇ ಬಗ್ಗೆ ಹೇಳ್ಲೇಬೇಕು, ಎಷ್ಟು ಮ್ಯಾಕ್ರೋ ಹಾಕಬಹುದು ಅನ್ನೋದಕ್ಕಿಂತ ಅದ್ರೊಳಗೆ ಕಾಯೋ ಸಮಯ ಎಷ್ಟು ನಿಖರವಾಗಿ ಹಾಕಬಹುದು ಅನ್ನೋದು ದೊಡ್ಡದು. ಟೀವಿ ಆನ್ ಆದ ತಕ್ಷಣ ಕಮ್ಯಾಂಡ್ ಕೇಳಲ್ಲ, ಎದ್ದೇಳೋಕೆ ಕೆಲವು ಸೆಕೆಂಡ್ ಬೇಕು, ಆ ನಡುವೆ ಕಳಿಸಿದ ಇನ್‌ಪುಟ್ ಕಮ್ಯಾಂಡ್ ಗಾಳಿಗೆ ಹೋಯ್ತು ಅಂತಾನೇ ಲೆಕ್ಕ. ಡಿವೈಸ್‌ಗೊಂದು ಬೇರೆ ಡಿಲೇ, ಎರಡು ಬಟನ್ ನಡುವೆ ಬೇರೆ ಡಿಲೇ, ಒಂದು ಕೋಡ್ ಎಷ್ಟು ಸಲ ರಿಪೀಟ್ ಆಗ್ಬೇಕು ಅನ್ನೋದು, ಈ ಮೂರೂ ನಿಮ್ಮ ಕೈಯಲ್ಲಿರ್ಬೇಕು. ಸೋನಿ ಡಿವೈಸ್‌ಗಳು ಸಾಮಾನ್ಯವಾಗಿ ಒಂದೇ ಕೋಡ್ ಮೂರು ಸಲ ಬಂದ್ರೇ ಒಪ್ಕೊಳ್ಳೋದು, ರಿಪೀಟ್ ಕಮ್ಮಿ ಇಟ್ರೆ ಆಗೊಮ್ಮೆ ಈಗೊಮ್ಮೆ ಕೆಲ್ಸ ಮಾಡತ್ತೆ, ಆ ಅರೆಬರೆ ಸ್ಥಿತಿ ಪೂರ್ತಿ ಕೆಲ್ಸ ಮಾಡದೇ ಇರೋದಕ್ಕಿಂತ ಕೆಟ್ಟದ್ದು. ಹಾಗಂತ ಎಲ್ಲಾ ಕಡೆ ರಿಪೀಟ್ ಜಾಸ್ತಿ ಇಟ್ರೆ ಬಾಣದ ಬಟನ್ ಒಂದ್ಸಲ ಒತ್ತಿದ್ರೆ ಮೆನು ಎರಡು ಹೆಜ್ಜೆ ಜಿಗಿಯತ್ತೆ, ವಾಲ್ಯೂಮ್ ಕೈ ಮೀರಿ ಏರತ್ತೆ.

ಇದೆಲ್ಲ ಕೂತು ಹೊಂದಿಸೋ ತಾಳ್ಮೆ ಎಲ್ರಿಗೂ ಇರಲ್ಲ, ಇರ್ಬೇಕು ಅಂತ ಕೇಳೋದೂ ನ್ಯಾಯ ಅಲ್ಲ. ಅದಕ್ಕೇ ಹಾರ್ಮನಿ ಅನ್ನೋ ರಿಮೋಟ್ ಅಷ್ಟು ಜನಪ್ರಿಯ ಆಗಿದ್ದು. ಕೆನಡಾದ ಇಂಟ್ರೀಗ್ ಟೆಕ್ನಾಲಜೀಸ್ ಶುರು ಮಾಡಿದ್ದನ್ನ ಲಾಜಿಟೆಕ್ 2004ರಲ್ಲಿ ಕೊಂಡ್ಕೊಳ್ತು. ಅವ್ರ ಯೋಚನೆ ಹೀಗಿತ್ತು: ಬಳಸೋರಿಗೆ ಡಿವೈಸ್ ಬೇಡ, ಆಕ್ಟಿವಿಟಿ ಬೇಕು, ಸಿನಿಮಾ ನೋಡೋದು, ಹಾಡು ಕೇಳೋದು, ಗೇಮ್ ಆಡೋದು. ರಿಮೋಟ್‌ಗೆ ಎದುರಿಗಿರೋದು ಕಾಣದೇ ಇದ್ರೂ ತಾನು ಕೊನೇಲಿ ಏನು ಕಳಿಸಿದೆ ಅಂತ ನೆನಪಿಟ್ಕೊಳತ್ತೆ, ಟೀವಿ ಆನ್ ಇರ್ಬೇಕು, ಇನ್‌ಪುಟ್ 2ರಲ್ಲಿರ್ಬೇಕು ಅಂತ ಊಹೆ ಇಟ್ಕೊಳತ್ತೆ. ಸಿನಿಮಾದಿಂದ ಗೇಮ್‌ಗೆ ಹೋದ್ರೆ ಟೀವಿಗೆ ಮತ್ತೆ ಪವರ್ ಕಳಿಸಲ್ಲ, ಪ್ಲೇಯರ್ ಮಾತ್ರ ಆಫ್ ಮಾಡಿ ಇನ್‌ಪುಟ್ ಬದಲಾಯಿಸತ್ತೆ. ಊಹೆ ತಪ್ಪಾದ್ರೆ ಹೆಲ್ಪ್ ಬಟನ್, ಒತ್ತಿದ್ರೆ ಟೀವಿ ಆನ್ ಇದ್ಯಾ, ಸದ್ದು ಬರ್ತಿದ್ಯಾ ಅಂತ ಒಂದೊಂದಾಗಿ ಕೇಳಿ ಸರಿ ಮಾಡತ್ತೆ. ಅಂದ್ರೆ ಕಣ್ಣಿಲ್ಲದ ರಿಮೋಟ್ ಕಣ್ಣಿರೋ ಮನುಷ್ಯನನ್ನ ಕೇಳತ್ತೆ. ನನ್ನ ಲೆಕ್ಕದಲ್ಲಿ ಈ ಕ್ಷೇತ್ರದಲ್ಲಿ ಬಂದ ಅತ್ಯಂತ ಪ್ರಾಮಾಣಿಕ ಫೀಚರ್ ಅದು, ತನಗೆ ಗೊತ್ತಿಲ್ಲ ಅಂತ ಒಪ್ಕೊಂಡು ಅದನ್ನ ಸರಿ ಮಾಡೋ ದಾರಿ ಕೊಟ್ಟಿದ್ದು.

ಇದಕ್ಕೂ ಮಿತಿ ಇತ್ತು. ಬಟನ್ ಒತ್ತಿ ಎಲ್ಲಾ ಕಮ್ಯಾಂಡ್ ಹೋಗಿ ಮುಗಿಯೋಕೆ ಸ್ವಲ್ಪ ಹೊತ್ತು ಬೇಕು, ಅಷ್ಟರಲ್ಲಿ ಕೈ ಕೆಳಗೆ ಇಳಿಸಿದ್ರೆ ಅರ್ಧ ಕಮ್ಯಾಂಡ್ ನೆಲಕ್ಕೆ ಹೋಗತ್ತೆ, ರಿಮೋಟ್ ಮಾತ್ರ ಎಲ್ಲಾ ಸರಿ ಹೋಗಿದೆ ಅಂತ ನಂಬ್ಕೊಂಡಿರತ್ತೆ. ಅದಕ್ಕೆ ಹಬ್ ಅನ್ನೋ ಪೆಟ್ಟಿಗೆ ಬಂತು. ಕೈಯಲ್ಲಿರೋ ರಿಮೋಟ್ ರೇಡಿಯೋ ಮೂಲಕ ಹಬ್‌ಗೆ ಹೇಳತ್ತೆ, ಡಿವೈಸ್‌ಗಳ ಹತ್ರಾನೇ ಇರೋ ಹಬ್ ಇನ್‌ಫ್ರಾರೆಡ್ ಬಿಡತ್ತೆ, ಹಾಗಾಗಿ ರಿಮೋಟ್ ಗುರಿ ಇಡೋ ಅವಶ್ಯಕತೆ ಇಲ್ಲ, ಡಿವೈಸ್‌ಗಳು ಬೀರು ಬಾಗಿಲ ಹಿಂದೆ ಇದ್ರೂ ನಡೆಯತ್ತೆ. ಹಬ್ ಇರೋ ಸಿಸ್ಟಮ್ ಮತ್ತೆ ಇಲ್ದೇ ಇರೋದ್ರ ನಡುವೆ ದಿನನಿತ್ಯದ ಬಳಕೆಯಲ್ಲಿ ತುಂಬಾ ವ್ಯತ್ಯಾಸ ಇದೆ, ದುಡ್ಡು ಖರ್ಚು ಮಾಡೋದಾದ್ರೆ ದೊಡ್ಡ ಸ್ಕ್ರೀನ್‌ಗಿಂತ ಇದಕ್ಕೆ ಮಾಡಿ.

ಸ್ಕ್ರೀನ್ ವಿಷ್ಯ ಬಂತು ಅಂತ ಹೇಳ್ತೀನಿ, ವಾಲ್ಯೂಮ್, ಮ್ಯೂಟ್, ನಾಲ್ಕು ಬಾಣ, ಓಕೆ, ಬ್ಯಾಕ್, ಪ್ಲೇ-ಪಾಸ್, ಇವಿಷ್ಟು ನಿಜವಾದ ಬಟನ್‌ಗಳೇ ಆಗಿರ್ಬೇಕು, ಇದ್ರಲ್ಲಿ ರಾಜಿ ಬೇಡ. ಕತ್ತಲಲ್ಲಿ ಸಿನಿಮಾ ನೋಡೋವಾಗ ಬೆರಳಿಗೆ ದಾರಿ ಗೊತ್ತಿರತ್ತೆ, ಗಾಜಿನ ಮೇಲೆ ಬೆರಳಿಗೆ ಏನೂ ಗೊತ್ತಾಗಲ್ಲ, ಕಣ್ಣು ಕೆಳಗಿಳಿಸ್ಲೇಬೇಕು. ಕಣ್ಣು ಮಂದ ಆಗಿರೋ ಹಿರಿಯರಿಗಂತೂ ಟಚ್‌ಸ್ಕ್ರೀನ್ ರಿಮೋಟ್ ಕೊಡೋದು ಟೀವಿನೇ ಅವ್ರಿಂದ ಕಿತ್ಕೊಂಡ ಹಾಗೆ ಆಗತ್ತೆ. ಜೊತೆಗೆ ವಾಲ್ಯೂಮ್ ಪಂಚ್-ಥ್ರೂ ಅನ್ನೋದು ಇರ್ಬೇಕು, ಅಂದ್ರೆ ಯಾವ ಡಿವೈಸ್ ಮೋಡ್‌ನಲ್ಲಿದ್ರೂ ವಾಲ್ಯೂಮ್ ಬಟನ್ ಆಂಪ್ಲಿಫೈಯರ್‌ಗೇ ಹೋಗ್ಬೇಕು. ಬ್ಯಾಟರಿ ಬದಲಾಯಿಸಿದಾಗ ಸೆಟಿಂಗ್ ಅಳಿಸಿ ಹೋಗ್ಬಾರ್ದು ಅನ್ನೋದನ್ನ ಬೇರೆ ಹೇಳ್ಬೇಕಾಗಿಲ್ಲ.

ಇಷ್ಟೆಲ್ಲ ಇನ್‌ಫ್ರಾರೆಡ್ ಪ್ರಪಂಚದ ಮಾತು. ಈಗ ಪರಿಸ್ಥಿತಿ ಬದಲಾಗಿದೆ, ಎರಡೂ ಕಡೆ ಮಾತಾಡೋ ದಾರಿಗಳು ಬಂದಿವೆ, ತೊಂದ್ರೆ ತೀರ್ಬೇಕಿತ್ತು, ಆದ್ರೆ ಬೇರೆ ಥರ ಜಾಸ್ತಿ ಆಗಿದೆ.

ಎಚ್‌ಡಿಎಂಐ ಕೇಬಲ್‌ನ 13ನೇ ಪಿನ್‌ನಲ್ಲಿ ಸಿಇಸಿ ಅನ್ನೋ ಒಂದು ತಂತಿ ಇದೆ, ಅದ್ರ ಮೂಲಕ ಡಿವೈಸ್‌ಗಳು ತಮ್ಮತಮ್ಮಲ್ಲೇ ಮಾತಾಡ್ತವೆ, ಪ್ಲೇಯರ್ ಆನ್ ಆದ್ರೆ ಟೀವಿ ಎದ್ದು ಸರಿಯಾದ ಇನ್‌ಪುಟ್‌ಗೆ ಹೋಗತ್ತೆ, ಒಂದು ಡಿವೈಸ್ ಇನ್ನೊಂದನ್ನ ನೀನು ಆನ್ ಇದೀಯಾ ಅಂತ ಕೇಳಬಹುದು, ಅದು ಉತ್ತರ ಕೊಡತ್ತೆ. ವೇಗ ಸೆಕೆಂಡಿಗೆ ಸುಮಾರು 400 ಬಿಟ್ ಅಷ್ಟೇ, ಆದ್ರೆ ಈ ಕೆಲ್ಸಕ್ಕೆ ಅದು ಸಾಕು. ಸ್ಯಾಮ್‌ಸಂಗ್ ಇದನ್ನ ಎನಿನೆಟ್ ಪ್ಲಸ್ ಅಂತು, ಸೋನಿ ಬ್ರಾವಿಯಾ ಸಿಂಕ್ ಅಂತು, ಎಲ್‌ಜಿ ಸಿಂಪ್‌ಲಿಂಕ್, ಪ್ಯಾನಾಸೋನಿಕ್ ವಿಯೆರಾ ಲಿಂಕ್, ಒಂದೇ ವಸ್ತುಗೆ ಇಷ್ಟು ಹೆಸ್ರು, ಮತ್ತೆ ಯಾವ ಕಮ್ಯಾಂಡ್‌ಗಳನ್ನ ಒಪ್ಕೊಳ್ಬೇಕು ಅನ್ನೋದ್ರಲ್ಲಿ ಒಬ್ಬೊಬ್ರದ್ದು ಒಂದೊಂದು ಲೆಕ್ಕ. ಹಾಗಾಗಿ ಎರಡು ಡಿವೈಸ್ ಇದ್ರೆ ಚೆನ್ನಾಗಿ ನಡೆಯೋದು ಐದು ಇದ್ದಾಗ ಯಾರು ಯಾರನ್ನ ಎಬ್ಬಿಸಿದ್ರು ಅಂತಾನೇ ಗೊತ್ತಾಗಲ್ಲ. ಯೂನಿವರ್ಸಲ್ ರಿಮೋಟ್ ಇರೋ ಮನೇಲಿ ಇದು ಇನ್ನೂ ಕಷ್ಟ, ರಿಮೋಟ್ ಮ್ಯಾಕ್ರೋ ಟೀವಿಗೆ ಪವರ್ ಟಾಗಲ್ ಕಳಿಸೋಕೆ ಮುಂಚೇನೇ ಸಿಇಸಿ ಟೀವಿನ ಎಬ್ಬಿಸಿರತ್ತೆ, ಆಮೇಲೆ ರಿಮೋಟ್ ಅದನ್ನ ಮಲಗಿಸತ್ತೆ. ಇಬ್ರಲ್ಲಿ ಒಬ್ರು ಯಜಮಾನ ಆಗ್ಬೇಕು. ಎರಡು ಮೂರು ಡಿವೈಸ್ ಇದ್ರೆ ಸಿಇಸಿಗೇ ಬಿಡಿ, ಯೂನಿವರ್ಸಲ್ ರಿಮೋಟೇ ಬೇಡ. ಜಾಸ್ತಿ ಇದ್ರೆ ಸಿಇಸಿ ಆಫ್ ಮಾಡಿ ರಿಮೋಟ್‌ಗೆ ಬಿಡಿ, ಆದ್ರೆ ತುಂಬಾ ಟೀವಿಗಳಲ್ಲಿ ಸಿಇಸಿ ಆಫ್ ಮಾಡಿದ್ರೆ ಸೌಂಡ್‌ಬಾರ್‌ಗೆ ಸದ್ದು ಕಳಿಸೋ ಎಆರ್‌ಸಿ ಕೂಡ ನಿಂತು ಹೋಗತ್ತೆ, ಅದನ್ನ ಮೊದ್ಲೇ ನೋಡ್ಕೊಳಿ.

ಎರಡನೇದು ಬ್ಲೂಟೂತ್ ಮತ್ತೆ ವೈ-ಫೈ. ಫೈರ್ ಟೀವಿ ಸ್ಟಿಕ್‌ನಲ್ಲಿ ಇನ್‌ಫ್ರಾರೆಡ್ ರಿಸೀವರ್ ಇಲ್ಲ, ಪ್ಲೇಸ್ಟೇಷನ್ 4 ಮತ್ತೆ 5ರಲ್ಲೂ ಇಲ್ಲ, ರೋಕು ಸ್ಟಿಕ್ ಅದ್ರ ರಿಮೋಟ್ ಜೊತೆ ವೈ-ಫೈ ಡೈರೆಕ್ಟ್‌ನಲ್ಲಿ ಮಾತಾಡತ್ತೆ. ಇವುಗಳ ಎದುರು ಬರೀ ಇನ್‌ಫ್ರಾರೆಡ್ ಇರೋ ಯೂನಿವರ್ಸಲ್ ರಿಮೋಟ್ ಎಷ್ಟೇ ಲಕ್ಷ ಕೋಡ್ ಇಟ್ಕೊಂಡಿದ್ರೂ ಪ್ರಯೋಜನ ಇಲ್ಲ. ಆ್ಯಪಲ್ ಟೀವಿ ಇದಕ್ಕೆ ಒಳ್ಳೇ ಅಪವಾದ, ಅದ್ರಲ್ಲಿ ಇನ್‌ಫ್ರಾರೆಡ್ ರಿಸೀವರ್ ಇದೆ, ಬೇರೆ ರಿಮೋಟ್‌ನ ಬಟನ್‌ಗಳನ್ನ ಆ್ಯಪಲ್ ಟೀವೀನೇ ಕಲ್ತುಕೊಳ್ಳೋ ಸೆಟಿಂಗ್ ಕೂಡ ಇದೆ. ವಾಯ್ಸ್ ಬಟನ್ ವಿಷ್ಯದಲ್ಲಿ ಹೆಚ್ಚಿನ ಕಡೆ ಒರಿಜಿನಲ್ ರಿಮೋಟೇ ಗತಿ. ಜೊತೆಗೆ ಸ್ಟ್ರೀಮಿಂಗ್ ಬಾಕ್ಸ್ ಮಾಡೋರು ತಮ್ಮ ರಿಮೋಟ್‌ನಲ್ಲೇ ಒಂದು ಇನ್‌ಫ್ರಾರೆಡ್ ಎಲ್‌ಇಡಿ ಇಟ್ಟು ಟೀವಿಯ ಪವರ್, ವಾಲ್ಯೂಮ್ ಕಂಟ್ರೋಲ್ ಮಾಡೋ ಹಾಗೆ ಮಾಡಿದ್ರು, ಅಲ್ಲಿಗೆ ಅರ್ಧ ಜನಕ್ಕೆ ಅಷ್ಟೇ ಸಾಕಾಯ್ತು. ಫೋನ್‌ನಲ್ಲೂ ಅಷ್ಟೇ, ಸ್ಯಾಮ್‌ಸಂಗ್ 2013ರ ಗ್ಯಾಲಕ್ಸಿ ಎಸ್4ನಲ್ಲಿ ಇನ್‌ಫ್ರಾರೆಡ್ ಕೊಟ್ಟು ಎಸ್7 ಬರೋ ಹೊತ್ತಿಗೆ ತೆಗೀತು, ಶಿಯೋಮಿ ಮಾತ್ರ ತನ್ನ ಎಷ್ಟೋ ಫೋನ್‌ಗಳಲ್ಲಿ ಉಳಿಸ್ಕೊಂಡು ಬಂತು. ಮಾರ್ಕೆಟ್ ಹೀಗೆ ಸಣ್ಣದಾಗ್ತಾ ಬಂದು 2021ರ ಏಪ್ರಿಲ್‌ನಲ್ಲಿ ಲಾಜಿಟೆಕ್ ಹಾರ್ಮನಿ ತಯಾರಿಕೆ ನಿಲ್ಲಿಸ್ತೀವಿ ಅಂತ ಘೋಷಿಸ್ತು.

ನನಗೆ ಹೆಚ್ಚು ಚಿಂತೆ ಆಗೋದು ಇಲ್ಲಿಂದ ಮುಂದೆ. ಹಾರ್ಮನಿಯ ಶಕ್ತಿ ಇದ್ದಿದ್ದು 2,70,000ಕ್ಕೂ ಹೆಚ್ಚು ಡಿವೈಸ್‌ಗಳ ಡೇಟಾಬೇಸ್‌ನಲ್ಲಿ, ಅದು ಕಂಪನಿ ಸರ್ವರ್‌ನಲ್ಲಿತ್ತು, ನಿಮ್ಮ ಸೆಟಿಂಗ್ ಕೂಡ ಅಲ್ಲೇ. ಕೈಯಲ್ಲಿರೋ ಪ್ಲಾಸ್ಟಿಕ್ ನಿಮ್ದು, ಅದಕ್ಕೆ ಗೊತ್ತಿರೋದೆಲ್ಲ ಅವ್ರದ್ದು. 2017ರ ನವೆಂಬರ್‌ನಲ್ಲಿ ಹಾರ್ಮನಿ ಲಿಂಕ್ ಅನ್ನೋ ಡಿವೈಸ್ ಇಟ್ಕೊಂಡವ್ರಿಗೆ 2018ರ ಮಾರ್ಚ್ 16ರಿಂದ ಇದು ಕೆಲ್ಸ ಮಾಡಲ್ಲ ಅಂತ ತಿಳಿಸಿದ್ರು, ಭದ್ರತೆಗೆ ಬಳಸೋ ಡಿಜಿಟಲ್ ಸರ್ಟಿಫಿಕೇಟ್‌ನ ಅವಧಿ ಮುಗೀತು ಅನ್ನೋದು ಕಾರಣ, ಕೆಟ್ಟು ಹೋಗಿರ್ಲಿಲ್ಲ ಏನಿಲ್ಲ. ಜನ ಸಿಟ್ಟಾದ್ಮೇಲೆ ಎಲ್ರಿಗೂ ಉಚಿತವಾಗಿ ಹಾರ್ಮನಿ ಹಬ್ ಕೊಡ್ತೀವಿ ಅಂದ್ರು. ಅದೇ ಹಬ್‌ಗೆ 2018ರ ಡಿಸೆಂಬರ್‌ನಲ್ಲಿ ಬಂದ ಒಂದು ಫರ್ಮ್‌ವೇರ್ (ಹಬ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮನೆಯೊಳಗಿನ ನೆಟ್‌ವರ್ಕ್‌ನಿಂದ ನೇರವಾಗಿ ಹಬ್ ಜೊತೆ ಮಾತಾಡೋ ದಾರಿ ಮುಚ್ಚಿಬಿಡ್ತು, ಮನೆಯ ಡಿವೈಸ್‌ಗಳನ್ನೆಲ್ಲ ಒಟ್ಟಿಗೆ ನಡೆಸೋ ಹೋಮ್ ಅಸಿಸ್ಟೆಂಟ್ ಥರದ ಸಾಫ್ಟ್‌ವೇರ್‌ಗೆ ಜೋಡಿಸಿದ್ದವ್ರ ಸೆಟಪ್ ಎಲ್ಲ ನಿಂತು ಹೋಯ್ತು, ಮತ್ತೆ ಗಲಾಟೆ ಆದ್ಮೇಲೆ ಆ ದಾರಿ ವಾಪಸ್ ಕೊಟ್ರು. ಎರಡು ಸಲಾನೂ ಕಂಪನಿ ಜನ್ರ ಮಾತು ಕೇಳ್ತು ಅನ್ನೋದು ನಿಜ, 2021ರಲ್ಲೂ ಡೇಟಾಬೇಸ್ ಮತ್ತೆ ಸಾಫ್ಟ್‌ವೇರ್ ನಡೆಸ್ತೀವಿ ಅಂತ ಭರವಸೆ ಕೊಟ್ರು. ಆದ್ರೆ ಮನೆಯ ಟೀವಿ ಆನ್ ಆಗೋದು ಇನ್ನೊಬ್ಬರ ಭರವಸೆ ಮೇಲೆ ನಿಂತಿರ್ಬಾರ್ದು, ಪ್ರಾಂಟೊ ನಿಂತ್ಮೇಲೂ ಅದ್ರ ಕೋಡ್ ಉಳೀತು, ಹಾರ್ಮನಿ ಸರ್ವರ್ ನಿಂತ ದಿನ ಹಾಗೆ ಉಳಿಯತ್ತೆ ಅಂತ ಹೇಳೋಕಾಗಲ್ಲ.

ಈಗ ಆ ಜಾಗಕ್ಕೆ ಸೋಫಾಬ್ಯಾಟನ್ ಬಂದಿದೆ, ಇನ್‌ಫ್ರಾರೆಡ್ ಬ್ಲೂಟೂತ್ ಎರಡೂ ಇರೋ ಹಬ್ ಕೊಡತ್ತೆ, ಫ್ಲರ್ಕ್‌ನವ್ರ ಸ್ಕಿಪ್ ಇದೆ, ಅನ್‌ಫೋಲ್ಡೆಡ್ ಸರ್ಕಲ್‌ನ ರಿಮೋಟ್ ಇದೆ, ಅದು ಹೋಮ್ ಅಸಿಸ್ಟೆಂಟ್‌ಗೆ ನೇರವಾಗಿ ಸೇರ್ಕೊಳತ್ತೆ. ಈ ಕೊನೇ ಥರದ ದಾರೀಲೇ ನನಗೆ ಹೆಚ್ಚು ನಂಬಿಕೆ. ಯಾಕಂದ್ರೆ ನೆಟ್‌ವರ್ಕ್ ಮೂಲಕ ಮಾತಾಡಿದ್ರೆ ಡಿವೈಸ್ ತನ್ನ ಸ್ಥಿತಿನ ತಾನೇ ಹೇಳತ್ತೆ. ಈಗಿನ ಎಷ್ಟೋ ಆಂಪ್ಲಿಫೈಯರ್‌ಗಳು ಮತ್ತೆ ಟೀವಿಗಳು ನಾನು ಆನ್ ಇದೀನಿ, ಈ ಇನ್‌ಪುಟ್‌ನಲ್ಲಿದೀನಿ, ವಾಲ್ಯೂಮ್ ಇಷ್ಟು ಅಂತ ಮನೆಯ ನೆಟ್‌ವರ್ಕ್‌ನಲ್ಲಿ ಉತ್ತರ ಕೊಡ್ತವೆ. ಆಗ ಊಹೆ ಬೇಡ, ಡಿಲೇ ಅಂದಾಜು ಬೇಡ, ಎದ್ದಿದೆ ಅಂತ ಉತ್ತರ ಬಂದ್ಮೇಲೆ ಮುಂದಿನ ಕಮ್ಯಾಂಡ್ ಕಳಿಸಿದ್ರಾಯ್ತು. ಇಷ್ಟು ವರ್ಷ ಇದ್ದ ಕೊರತೆ ನಿಜವಾಗಿ ತೀರೋದು ಇಲ್ಲಿ. ಸೆಟಪ್ ಮಾಡೋಕೆ ಕೆಲ್ಸ ಇದೆ, ಎಲ್ರಿಗೂ ಆಗಲ್ಲ, ಅದನ್ನ ಮುಚ್ಚಿಡೋದು ಸರಿಯಲ್ಲ.

ಹಾಗಾಗಿ ತಗೊಳೋ ಮುಂಚೆ ಮೊದ್ಲು ನಿಮ್ಮ ಡಿವೈಸ್‌ಗಳನ್ನ ಬರ್ಕೊಳಿ, ಪ್ರತಿಯೊಂದೂ ಇನ್‌ಫ್ರಾರೆಡ್ ಕೇಳತ್ತಾ, ಬ್ಲೂಟೂತ್ ಮಾತ್ರಾನಾ, ನೆಟ್‌ವರ್ಕ್ ಕಂಟ್ರೋಲ್ ಇದ್ಯಾ ಅಂತ ಪಕ್ಕದಲ್ಲಿ ಹಾಕಿ, ಟೀವಿಗೆ ಡಿಸ್ಕ್ರೀಟ್ ಆನ್-ಆಫ್ ಕೋಡ್ ಸಿಗತ್ತಾ ಹುಡುಕಿ. ಆಮೇಲೆ ರಿಮೋಟ್ ಬಗ್ಗೆ ಕೇಳಿ: ಇಂಟರ್ನೆಟ್ ಕಿತ್ತು ಹಾಕಿದ್ರೂ ಬಟನ್ ಕೆಲ್ಸ ಮಾಡತ್ತಾ, ಅಕೌಂಟ್ ಇಲ್ದೇ ಸೆಟಪ್ ಆಗತ್ತಾ, ಸೆಟಿಂಗ್‌ನ ಒಂದು ಫೈಲ್ ಆಗಿ ಉಳಿಸ್ಕೊಂಡು ಬೇರೆ ರಿಮೋಟ್‌ಗೆ ಹಾಕಬಹುದಾ, ಕಲಿಸಿದ ಕೋಡ್ ಹೆಕ್ಸ್ ರೂಪದಲ್ಲಿ ಕಣ್ಣಿಗೆ ಕಾಣತ್ತಾ. ಇವುಗಳಿಗೆ ಹೌದು ಅನ್ನೋ ರಿಮೋಟ್ ನಾಲ್ಕೇ ಡಿವೈಸ್ ಸಪೋರ್ಟ್ ಮಾಡಿದ್ರೂ ಹದಿನೈದು ಡಿವೈಸ್‌ನ ಮುಚ್ಚಿದ ಪೆಟ್ಟಿಗೆಗಿಂತ ಮೇಲು ಅಂತ ನಾನು ಹೇಳ್ತೀನಿ.

ಇನ್ನೊಂದು ಕೆಲ್ಸ ಯಾವ ರಿಮೋಟ್ ತಗೊಂಡ್ರೂ, ತಗೊಳ್ದೇ ಇದ್ರೂ ಮಾಡಿ. ಒರಿಜಿನಲ್ ರಿಮೋಟ್‌ಗಳು ಇನ್ನೂ ಕೆಲ್ಸ ಮಾಡ್ತಿರೋವಾಗ್ಲೇ ಅವುಗಳ ಪ್ರತಿ ಬಟನ್‌ನ ಕೋಡ್‌ನ ಒಂದ್ಸಲ ಹಿಡಿದು ಫೈಲ್‌ನಲ್ಲಿ ಇಟ್ಕೊಳಿ, ಒಂದು ಯುಎಸ್‌ಬಿ ಇನ್‌ಫ್ರಾರೆಡ್ ರಿಸೀವರ್ ಮತ್ತೆ ಲಿನಕ್ಸ್‌ನ ಲರ್ಕ್ ಥರದ ಸಾಫ್ಟ್‌ವೇರ್ ಇದ್ರೆ ಸಾಕು. ಮಾಮೂಲಿ ಬಟನ್ ಜೊತೆ ಸೆಟಿಂಗ್, ಸ್ಪೀಕರ್ ಲೆವೆಲ್, ಡಿಸ್ಕ್ ಹೊರಗೆ ಬರೋ ಬಟನ್, ಇಂಥ ಅಪರೂಪಕ್ಕೆ ಒತ್ತೋದನ್ನೂ ಬಿಡ್ಬೇಡಿ, ರೆಡಿಮೇಡ್ ಡೇಟಾಬೇಸ್‌ಗಳಲ್ಲಿ ಮೊದ್ಲು ಕೈಕೊಡೋದು ಅವೇ. ರಬ್ಬರ್ ಬಟನ್ ಸವೆದು ಒರಿಜಿನಲ್ ನಿಂತ್ಮೇಲೆ ಆ ಹಳೇ ಆಂಪ್ಲಿಫೈಯರ್‌ನ ಕೋಡ್ ಹೊಸ ರಿಮೋಟ್‌ಗೆ ಕಲಿಸೋಕೆ ಏನೂ ಉಳಿದಿರಲ್ಲ.